ದೂರದ ಋಣ

ಆಸ್ಟ್ರೇಲಿಯ ಖಂಡದ ನಿರ್ಜನವಾದ ಒಳನಾಡಿನಲ್ಲಿ ರೋಗಿಗಳಿರುವ ಎಡೆಗೆ ವೈದ್ಯರನ್ನು ವಿಮಾನದಲ್ಲಿ ಕೊಂಡೊಯ್ಯುವ ವ್ಯವಸ್ಥೆಯು 1928ರಲ್ಲಿ ಪ್ರಾರಂಭವಾಯಿತೆಂಬುದನ್ನೂ, ಅದೇ ಮುಂದೆ ‘ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತೆಂಬುದನ್ನೂ ಅನೇಕರು ಬಲ್ಲರು. ಅದರ ಚರಿತ್ರೆಯನ್ನು ಹೇಳುವವರು ವಿಮಾನದ ವೇಗವನ್ನೂ ವೈಮಾನಿಕರ ಧೈರ್ಯವನ್ನೂ ಮುಂದಿಟ್ಟುಕೊಂಡು ಹೇಳುವುದು ವಾಡಿಕೆ; ಅದು ಅನುಚಿತವೇನೂ ಅಲ್ಲ. ಆದರೆ ವಿಮಾನವೊಂದು ಒಮ್ಮೆ ಮೇಲೇರುವುದಕ್ಕೆ ಧೈರ್ಯವು ಸಾಲಬಹುದಾದರೂ, ಅದು ವರ್ಷಾನುವರ್ಷವೂ ಕರೆದಾಗಲೆಲ್ಲ ಮೇಲೇರಬೇಕಾದರೆ ಎಣ್ಣೆಗೂ ಯಂತ್ರಕ್ಕೂ ವೈದ್ಯನ ಸಂಬಳಕ್ಕೂ ಯಾರಾದರೊಬ್ಬರು ಹಣ ಕೊಡುತ್ತಲೇ ಇರಬೇಕು. ಆ ಹಣವು ಯಾರ ಕೈಯಿಂದ ಬಂದಿತು, ಯಾವ ಭಾವದಿಂದ ಬಂದಿತು, ರೋಗಿಯ ಕೈಯಿಂದಲೇ ಅದನ್ನು ವಸೂಲು ಮಾಡದೆ ಇಡೀ ಸಮಾಜವೇ ಅದನ್ನು ಹೊರುವಂತಾದುದು ಹೇಗೆ ಎಂಬ ಕಥೆಯು ವಿಮಾನದ ಕಥೆಗಿಂತ ಹೆಚ್ಚು ಬೋಧಪ್ರದವಾದುದೆಂದು ನನ್ನ ನಂಬಿಕೆ.

ಆ ಖಂಡದ ಜನವಸತಿಯ ಬಹುಪಾಲು ಕಡಲಂಚಿನ ಕೆಲವು ಮಹಾನಗರಗಳಲ್ಲಿ ಗುಂಪುಗೂಡಿರುವುದು. ಒಳನಾಡಿನಲ್ಲಾದರೋ, ಅನಾದಿಕಾಲದಿಂದ ಆ ಮಣ್ಣಿನಲ್ಲಿಯೇ ಬಾಳಿ ಬಂದ ಮೂಲನಿವಾಸಿಗಳನ್ನು ಬಿಟ್ಟರೆ, ದನ ಕುರಿಗಳನ್ನು ಸಾಕುವ ಬೀಡುಗಳಲ್ಲಿಯೂ ಗಣಿಗಳಲ್ಲಿಯೂ ತಂತಿಕಚೇರಿಗಳಲ್ಲಿಯೂ ವಾಸವಾಗಿದ್ದ ವಿರಳ ಜನರಷ್ಟೇ ಇದ್ದರು. ಒಂದು ಬೀಡಿಗೂ ಮತ್ತೊಂದಕ್ಕೂ ನಡುವೆ ಹತ್ತಾರು ಮೈಲಿಗಳು, ಹಲವೆಡೆ ನೂರಾರು ಮೈಲಿಗಳು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸುಮಾರು 3 ಲಕ್ಷ ಚದರ ಕಿಲೋಮೀಟರುಗಳಿಗೂ, ಅದಕ್ಕಿಂತ ಎಷ್ಟೋ ವಿಶಾಲವಾದ ಉತ್ತರ ಪ್ರಾಂತ್ಯಕ್ಕೂ ಸೇರಿ ಇದ್ದವರು ಇಬ್ಬರೇ ವೈದ್ಯರು; ಆ 3 ಲಕ್ಷವೊಂದೇ ನಮ್ಮ ಕರ್ನಾಟಕಕ್ಕೆ ಒಂದೂವರೆ ಪಾಲಿಗಿಂತ ಮಿಗಿಲೆಂಬುದನ್ನು ನೆನೆದರೆ ಆ ಜನರ ಸ್ಥಿತಿಯು ವಾಚಕರಿಗೆ ವೇದ್ಯವಾದೀತು. ಈ ಒಳನಾಡಿಗೆ 1911ರಲ್ಲಿ ಬಂದ ತರುಣ ಪಾದ್ರಿ ಜಾನ್ ಫ್ಲಿನ್ನನು ದಕ್ಷಿಣ ಆಸ್ಟ್ರೇಲಿಯದ ಬೆಲ್ಟಾನದಲ್ಲಿ ನೆಲೆಸಿ, ಅಲ್ಲಿಂದ ಒಂಟೆಗಳ ಮೇಲೆ ದೂರದೂರಕ್ಕೆ ಸಂಚರಿಸುತ್ತ, ಧರ್ಮೋಪದೇಶಕ್ಕೆ ಮುನ್ನ ಈ ಜನಕ್ಕೆ ಬೇಕಾದುದು ಔಷಧವೂ ಆರೈಕೆಯೂ ಎಂಬುದನ್ನು ಕಂಡುಕೊಂಡನು. ಅವನು ಸಲ್ಲಿಸಿದ ವರದಿಯ ಫಲವಾಗಿ 1912ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯು ‘ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಅವನನ್ನೇ ಅದರ ಮುಖ್ಯಸ್ಥನನ್ನಾಗಿ ನೇಮಿಸಿತು. ಒಳನಾಡಿನ ಊರುಗಳಲ್ಲಿ ಒಂದೊಂದಾಗಿ ದಾದಿಯರ ಶುಶ್ರೂಷಾಲಯಗಳು ತಲೆಯೆತ್ತಿದುವು. ಆದರೆ ಶುಶ್ರೂಷಾಲಯಕ್ಕೆ ರೋಗಿಯು ಬಂದು ಸೇರಬೇಕು, ದಾದಿಯ ಕೈಮೀರಿದುದಕ್ಕೆ ವೈದ್ಯನೂ ಬಂದು ಸೇರಬೇಕು. ಈ ಎರಡೂ ಪ್ರಯಾಣಗಳು ಆ ನಾಡಿನಲ್ಲಿ ಎಷ್ಟು ದುಸ್ಸಾಧ್ಯವಾಗಿದ್ದುವೆಂಬುದನ್ನು 1917ರ ಘಟನೆಯೊಂದು ಇಡೀ ದೇಶಕ್ಕೆ ತೋರಿಸಿಕೊಟ್ಟಿತು.

ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಈಶಾನ್ಯ ಭಾಗದ ರೂಬಿ ಪ್ಲೇನ್ಸ್ ಎಂಬ ಬೀಡಿನಲ್ಲಿ ಜಿಮ್ಮಿ ಡಾರ್ಸಿ ಎಂಬ ತರುಣ ದನಗಾಹಿಯು ಬೆದರಿ ಓಡುವ ದನಗಳ ನಡುವೆ ಕುದುರೆಯಿಂದ ಬಿದ್ದು ಮರ್ಮಾಘಾತಕ್ಕೊಳಗಾದನು. ಜೊತೆಯವರು ಅವನನ್ನು ಬಂಡಿಯಲ್ಲಿ ಮಲಗಿಸಿ, ದಾರಿಯೆಂಬುದು ಹೆಸರಿಗೆ ಮಾತ್ರ ಇದ್ದ ನೆಲದ ಮೇಲೆ, ಸುಮಾರು 50 ಮೈಲಿ ದೂರದ ಹಾಲ್ಸ್ ಕ್ರೀಕಿಗೆ ತಂದರು. ಅಲ್ಲಿ ವೈದ್ಯನಿರಲಿಲ್ಲ, ಪ್ರಥಮ ಚಿಕಿತ್ಸೆಯನ್ನು ಕಲಿತಿದ್ದ ಟಕೆಟ್ ಎಂಬ ಅಂಚೆಯ ಅಧಿಕಾರಿಯಿದ್ದನು. ಅವನು ಎರಡು ಸಾವಿರ ಮೈಲಿಗೂ ಮಿಗಿಲಾದ ತಂತಿಯ ಮೂಲಕ ಪರ್ತ್ ನಗರದಲ್ಲಿದ್ದ ತನ್ನ ಗುರು ಡಾಕ್ಟರ್ ಹಾಲೆಂಡನನ್ನು ಸಂಪರ್ಕಿಸಿ ರೋಗಿಯ ಲಕ್ಷಣಗಳನ್ನು ವಿವರಿಸಲು, ಮೂತ್ರಕೋಶವು ಒಡೆದಿರಬೇಕೆಂದೂ ಕೂಡಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಪ್ರಾಣ ಉಳಿಯದೆಂದೂ ಉತ್ತರ ಬಂದಿತು. ಟಕೆಟ್ಟನ ಬಳಿಯಿದ್ದುದು ಒಂದು ಪುಟ್ಟ ಚಾಕು, ಗಾಯ ತೊಳೆಯಲು ಪೊಟ್ಯಾಸಿಯಂ ಪರ್ಮಾಂಗನೇಟು, ನೋವಿಗೆ ಒಂದಿಷ್ಟು ಮಾರ್ಫಿಯ. ಮೇಜಿಗೆ ಕಟ್ಟಿ ಮಲಗಿಸಿದ್ದ ತರುಣನ ದೇಹದ ಮೇಲೆ, ಮೋರ್ಸ್ ಸಂಕೇತಗಳಲ್ಲಿ ಬಂದ ಒಂದೊಂದು ಸೂಚನೆಯನ್ನೂ ಅನುಸರಿಸಿ, ಆ ಅಂಚೆಯವನು ಶಸ್ತ್ರಕ್ರಿಯೆ ನಡೆಸಿದನು, ಅದು ಕೈಗೂಡಿತು. ಆದರೂ ರೋಗಿಯ ಸ್ಥಿತಿ ಮತ್ತೆ ಹದಗೆಟ್ಟುದರಿಂದ ಹಾಲೆಂಡನು ತಾನೇ ಹೊರಟು, ದನ ಸಾಗಿಸುವ ಹಡಗಿನಲ್ಲಿ ಡರ್ಬಿ ಬಂದರಿಗೂ, ಅಲ್ಲಿಂದ ಫೋರ್ಡ್ ಮೋಟಾರಿನಲ್ಲಿಯೂ ಕುದುರೆ ಬಂಡಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ಹಾಲ್ಸ್ ಕ್ರೀಕಿಗೂ ಬಂದು ಸೇರಿದನು. ಡಾರ್ಸಿಯು ಹಿಂದಿನ ದಿನವೇ ತೀರಿಕೊಂಡಿದ್ದನು. ಅವನನ್ನು ಕೊಂದುದು ಶಸ್ತ್ರದ ಗಾಯವಲ್ಲ, ಯಾರೂ ಗುರುತಿಸಲಾಗದೆ ಹೋದ ಮಲೇರಿಯ ಮೊದಲಾದ ಬೇರೆ ಉಪದ್ರವಗಳು. ವೈದ್ಯನೊಬ್ಬನು ಹಾಸಿಗೆಯ ಬಳಿ ನಿಂತಿದ್ದರೆ ಅವು ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಯುದ್ಧದ ವಾರ್ತೆಗಳ ನಡುವೆಯೂ ಪತ್ರಿಕೆಗಳು ಈ ವೃತ್ತಾಂತವನ್ನು ಪ್ರಕಟಿಸುತ್ತ ಬಂದುವು; ತಂತಿಯು ಜ್ಞಾನವನ್ನು ಸಾಗಿಸಬಲ್ಲುದೇ ಹೊರತು ವೈದ್ಯನ ಕಣ್ಣನ್ನೂ ಕೈಯನ್ನೂ ಸಾಗಿಸಲಾರದೆಂಬ ಸತ್ಯವು ಕಡಲಂಚಿನ ನಗರವಾಸಿಗಳಿಗೂ ಮನವರಿಕೆಯಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಫ್ಲಿನ್ನನಿಗೆ ಒಂದು ಪತ್ರ ಬರೆದವನು ಕ್ಲಿಫರ್ಡ್ ಪೀಲ್ ಎಂಬ ವಿಕ್ಟೋರಿಯ ಸಂಸ್ಥಾನದ ತರುಣ. ವೈದ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದು ಓದನ್ನು ಬಿಟ್ಟು ಸೈನ್ಯದ ವಿಮಾನದಳವನ್ನು ಸೇರಿದ್ದ ಅವನು, ಯುದ್ಧಭೂಮಿಗೆ ಸಾಗುತ್ತಿದ್ದ ಹಡಗಿನಲ್ಲಿ ಕುಳಿತು, ಒಳನಾಡಿನ ಜನಕ್ಕೆ ವಿಮಾನದಿಂದ ವೈದ್ಯಕೀಯ ನೆರವನ್ನು ಒದಗಿಸುವ ಯೋಜನೆಯೊಂದನ್ನು ಬರೆದು ಕಳುಹಿಸಿದನು. ಅದು ಭಾವಾವೇಶದ ಬರಹವಲ್ಲ. ವಿಮಾನಯಾನವು ಎಷ್ಟರಮಟ್ಟಿಗೆ ಸುರಕ್ಷಿತ, ಯಾವ ಯಾವ ನೆಲೆಗಳಿಂದ ಎಷ್ಟು ವಿಸ್ತಾರದ ನಾಡನ್ನು ಮುಟ್ಟಬಹುದು, ಪ್ರಾರಂಭಕ್ಕೆ ಎಷ್ಟು ಹಣ ಬೇಕಾದೀತು ಎಂಬುದನ್ನೆಲ್ಲ ಲೆಕ್ಕ ಹಾಕಿ ತೋರಿಸಿದ ವಿಚಾರಶೀಲವಾದ ಪತ್ರ ಅದು. ಮಹತ್ಕಾರ್ಯವೊಂದರ ಮೂಲದಾಖಲೆಯು ಖರ್ಚಿನ ಅಂದಾಜುಪಟ್ಟಿಯೂ ಆಗಿದ್ದುದು ನನಗೆ ಅತ್ಯಂತ ಅರ್ಥವತ್ತಾಗಿ ಕಾಣುತ್ತದೆ. ಏಕೆಂದರೆ ಕರುಣೆಯು ಲೆಕ್ಕಕ್ಕೆ ಹೆದರಿದರೆ ಕೇವಲ ನಿಟ್ಟುಸಿರಾಗಿ ಉಳಿಯುತ್ತದೆ. ಫ್ಲಿನ್ನನು 1918ರಲ್ಲಿ ಆ ಪತ್ರವನ್ನು ತನ್ನ ‘ದಿ ಇನ್‌ಲ್ಯಾಂಡರ್’ ಪತ್ರಿಕೆಯಲ್ಲಿ ಅಚ್ಚು ಮಾಡಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೀಲನು ಫ್ರಾನ್ಸಿನ ರಣರಂಗದ ಮೇಲೆ ಹಾರುತ್ತಿದ್ದಾಗ ಮಡಿದನು. ತಾನು ನೆಟ್ಟ ಬೀಜವು ಮೊಳೆತುದನ್ನು ಅವನು ಕಾಣಲಿಲ್ಲ.

ಮುಂದಿನ ಹತ್ತು ವರ್ಷಗಳು ಫ್ಲಿನ್ನನ ಬಾಳಿನಲ್ಲಿ ಹಣಕ್ಕಾಗಿ ಅಲೆದ ವರ್ಷಗಳು. ಅವನು ನಗರದಿಂದ ನಗರಕ್ಕೆ ಹೋಗಿ ಒಳನಾಡಿನ ಚಿತ್ರಗಳನ್ನು ತೋರಿಸಿ ಭಾಷಣ ಮಾಡಿದನು. ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆದನು. ಸಿರಿವಂತರ ಬಾಗಿಲನ್ನು ತಟ್ಟಿದಂತೆಯೇ ಬಡ ಗೃಹಿಣಿಯರ ವಂತಿಗೆಯನ್ನೂ ಸಮಾನ ಗೌರವದಿಂದ ಸ್ವೀಕರಿಸಿದನು. ಸನ್‌ಶೈನ್ ಎಂಬ ಕೊಯ್ಲಿನ ಯಂತ್ರವನ್ನು ತಯಾರಿಸಿ ಶ್ರೀಮಂತನಾಗಿದ್ದ ಹ್ಯೂ ವಿಕ್ಟರ್ ಮೆಕೇ ಎಂಬ ಉದ್ಯಮಿಯು 1926ರಲ್ಲಿ ಮರಣ ಹೊಂದಿದಾಗ, ಈ ವೈಮಾನಿಕ ಪ್ರಯೋಗಕ್ಕೆಂದೇ ದೊಡ್ಡ ಮೊತ್ತವೊಂದನ್ನು ತನ್ನ ಮೃತ್ಯುಪತ್ರದಲ್ಲಿ ಬಿಟ್ಟುಹೋಗಿದ್ದುದು ಕಾರ್ಯಕ್ಕೆ ಹೊಸ ಜೀವವನ್ನಿತ್ತಿತು. ಇತ್ತ ಕ್ವೀನ್ಸ್‌ಲ್ಯಾಂಡಿನ ವಿಂಟನ್ನಿನಲ್ಲಿ 1920ರಲ್ಲಿ ಹುಟ್ಟಿದ್ದ ಕ್ವಾಂಟಾಸ್ ಎಂಬ ಪುಟ್ಟ ವಿಮಾನಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಹಡ್ಸನ್ ಫಿಶ್ ಎಂಬವನು ಫ್ಲಿನ್ನನ ಯೋಜನೆಯಲ್ಲಿ ನಿಜವಾದ ಆಸಕ್ತಿಯನ್ನು ತಳೆದನು. 1927ರ ನವೆಂಬರಿನಲ್ಲಿ ಒಪ್ಪಂದವಾಯಿತು. ಮಿಷನ್ನು ವಿಮಾನವನ್ನು ಕೊಳ್ಳಲಿಲ್ಲ. ಕೊಳ್ಳುವಷ್ಟು ಹಣ ಅದರ ಬಳಿ ಇರಲೂ ಇಲ್ಲ. ಹಾರಿದ ಪ್ರತಿಯೊಂದು ಮೈಲಿಗೂ ಎರಡು ಶಿಲಿಂಗಿನಂತೆ ಬಾಡಿಗೆಯನ್ನು ತೆತ್ತು, ವಿಮಾನವನ್ನೂ ವೈಮಾನಿಕನನ್ನೂ ಆ ಸಂಸ್ಥೆಯಿಂದಲೇ ಪಡೆಯುವುದೆಂದು ಗೊತ್ತಾಯಿತು. ಹೀಗೆ ಪ್ರಾಣರಕ್ಷಣೆಗೆ ಮೈಲಿಯ ಲೆಕ್ಕದಲ್ಲಿ ಬೆಲೆ ನಿಗದಿಯಾದ ದಿನವೇ ಅದು ಕನಸಿನ ಲೋಕದಿಂದ ಕಾರ್ಯಲೋಕಕ್ಕೆ ಇಳಿದು ಬಂದಿತೆನ್ನಬೇಕು.

ಕ್ವೀನ್ಸ್‌ಲ್ಯಾಂಡಿನ ಕ್ಲನ್‌ಕರಿ ಎಂಬ ಊರಿನಲ್ಲಿ 1928ರ ಮೇ 15ರಂದು ಸೇವೆಯು ವಿಧ್ಯುಕ್ತವಾಗಿ ಆರಂಭವಾಯಿತು. ಎರಡು ದಿನಗಳ ತರುವಾಯ, ಸಿಡ್ನಿಯಿಂದ ಬಂದಿದ್ದ ಶಸ್ತ್ರವೈದ್ಯ ಕೆನ್ಯನ್ ಸೇಂಟ್ ವಿನ್ಸೆಂಟ್ ವೆಲ್ಚನು, ವೈಮಾನಿಕ ಆರ್ಥರ್ ಆಫ್ಲೆಕ್ಕನೊಡನೆ ‘ವಿಕ್ಟರಿ’ ಎಂಬ ವಿಮಾನವನ್ನೇರಿ 85 ಮೈಲಿ ದೂರದ ಜೂಲಿಯ ಕ್ರೀಕಿಗೆ ಹಾರಿದನು. ಅಲ್ಲಿ ನೂರಕ್ಕೂ ಹೆಚ್ಚು ಜನರು ಬಯಲಿನಲ್ಲಿ ಕಾದು ನಿಂತಿದ್ದು ಅವನನ್ನು ಎದುರುಗೊಂಡರು. ಡಿ ಹ್ಯಾವಿಲಂಡ್ ಜಾತಿಯ ಆ ವಿಮಾನಕ್ಕೆ ಇದ್ದುದು ಒಂದೇ ಯಂತ್ರ, ಅದರ ವೇಗವು ಗಂಟೆಗೆ 80 ಮೈಲಿಗೆ ಮೀರದು. ಅದರಲ್ಲಿ ರೇಡಿಯೋ ಇರಲಿಲ್ಲ; ದಿಕ್ಸೂಚಿಯೊಂದನ್ನು ಬಿಟ್ಟರೆ ದಾರಿ ತೋರುವ ಉಪಕರಣವೇ ಇರಲಿಲ್ಲ; ಭೂಪಟಗಳಾದರೋ ಅರೆಬರೆಯಾದುವು. ಒಣಗಿದ ಹೊಳೆಯ ಪಾತ್ರ, ಬೀಡುಗಳ ಬೇಲಿ, ತಂತಿಯ ಕಂಬಗಳ ಸಾಲು, ಬಂಡಿಯ ಜಾಡು ಇವುಗಳನ್ನು ನೋಡಿಕೊಂಡೇ ವೈಮಾನಿಕನು ಸಾಗಬೇಕಾಗಿದ್ದಿತು. ಆದುದರಿಂದ ತೀರ ಪ್ರಾಣಸಂಕಟದ ಹೊತ್ತಿನಲ್ಲಲ್ಲದೆ ರಾತ್ರಿಯ ವೇಳೆ ಹಾರುವಂತಿರಲಿಲ್ಲ. ಇಳಿಯುವುದಕ್ಕೆ ನೆಲವನ್ನು ಹಸನು ಮಾಡಿಕೊಟ್ಟವರು ಬೀಡಿನ ಜನರೇ. ಕುರುಚಲು ಕಡಿದು, ಗೆದ್ದಲ ಹುತ್ತಗಳನ್ನು ಒಡೆದು, ಗುಂಡಿ ಮುಚ್ಚಿ, ಕತ್ತಲಾದರೆ ಸೀಮೆಎಣ್ಣೆಯ ದೀವಿಗೆಗಳನ್ನು ಸಾಲಾಗಿಟ್ಟು ಅವರು ಸಲ್ಲಿಸಿದ ಶ್ರಮವು ಯಾವ ಜಮಾಖರ್ಚಿನಲ್ಲಿಯೂ ಕಾಣದಿದ್ದರೂ ಸೇವೆಯ ಮೂಲಧನದಲ್ಲಿ ಅದೂ ಒಂದು ಪಾಲು. ಮೊದಲನೆಯ ವರ್ಷ 50 ಸಲ ಹಾರಿ 26 ಸ್ಥಳಗಳನ್ನು ತಲಪಿ, ಸುಮಾರು 225 ರೋಗಿಗಳಿಗೆ ಚಿಕಿತ್ಸೆ ನೀಡಲಾಯಿತು. ಆ ‘ವಿಕ್ಟರಿ’ಯೇ 1934ರವರೆಗೆ ದುಡಿದು 1,10,000 ಮೈಲಿಗಳನ್ನು ಕ್ರಮಿಸಿತು.

ಆದರೆ ವೈದ್ಯನು ಸಿದ್ಧನಾಗಿದ್ದರೂ ಅವನನ್ನು ಕರೆಯುವ ಬಗೆ ಯಾವುದು? ತಂತಿಯು ಎಲ್ಲ ಬೀಡುಗಳಿಗೂ ಹೋಗಿರಲಿಲ್ಲ. ಕುದುರೆ ಸವಾರನು ತಂತಿಕಚೇರಿಯನ್ನು ಮುಟ್ಟುವಷ್ಟರಲ್ಲಿ ಒಂದೆರಡು ದಿನಗಳೇ ಕಳೆಯಬಹುದಾಗಿದ್ದಿತು. ಅಂದಿನ ರೇಡಿಯೋ ಯಂತ್ರಗಳು ಭಾರವಾದುವು, ಬೆಲೆಯುಳ್ಳವು, ವಿದ್ಯುತ್ತಿಲ್ಲದೆಡೆ ನಿರುಪಯುಕ್ತವಾದುವು. ಈ ತೊಡಕನ್ನು ಬಿಡಿಸಿದವನು ಅಡಿಲೇಡ್ ನಗರದ ಆಲ್ಫ್ರೆಡ್ ಟ್ರೇಗರ್ ಎಂಬ ವಿದ್ಯುತ್ ತಂತ್ರಜ್ಞ. ಅವನು ಸೈಕಲ್ಲಿನಲ್ಲಿರುವಂತಹ ಪೆಡಲುಗಳನ್ನು ಮೇಜಿನಡಿಯ ಪುಟ್ಟ ಡೈನಮೋವಿಗೆ ಜೋಡಿಸಿ, ಕಾಲಿನಿಂದ ತುಳಿಯುತ್ತ ವಿದ್ಯುತ್ತನ್ನು ಉತ್ಪಾದಿಸಿಕೊಂಡು, ಬಿಡುವಾದ ಕೈಗಳಿಂದ ಸಂದೇಶವನ್ನು ಕಳುಹಿಸಬಲ್ಲಂತಹ ಸರಳವಾದ ರೇಡಿಯೋವನ್ನು ನಿರ್ಮಿಸಿದನು. 1929ರ ಜೂನಿನಲ್ಲಿ ಅಗಸ್ಟಸ್ ಡೌನ್ಸ್ ಎಂಬ ಬೀಡಿನಲ್ಲಿ ಅದು ಮೊದಲು ನೆಲೆಗೊಂಡಿತು. ಆರಂಭದಲ್ಲಿ ಬೀಡಿನವರು ಮೋರ್ಸ್ ಸಂಕೇತವನ್ನು ಕಲಿತೇ ಮಾತಾಡಬೇಕಾಗಿದ್ದಿತು. ಕಲಿಯಲು ತೊಡಕುಪಟ್ಟವರಿಗಾಗಿ ಟ್ರೇಗರನು, ಅಕ್ಷರವನ್ನು ಒತ್ತಿದರೆ ಸಂಕೇತವು ತಾನಾಗಿ ಹೊರಡುವ ಕೀಲಿಮಣೆಯೊಂದನ್ನು ಮಾಡಿಕೊಟ್ಟನು. ಕೆಲವು ವರ್ಷಗಳಲ್ಲಿಯೇ ನೇರವಾಗಿ ಧ್ವನಿಯಿಂದ ಮಾತಾಡುವುದೂ ಸಾಧ್ಯವಾಯಿತು. ವಿಮಾನವು ಆಪತ್ತಿನ ದಿನದಲ್ಲಷ್ಟೇ ಬಂದರೆ, ರೇಡಿಯೋವು ದಿನದಿನವೂ ಒಂಟಿತನವನ್ನು ನೀಗಿಸಿತು. ವೈದ್ಯರ ವೇಳೆ ಮುಗಿದ ಮೇಲೆ ಬೀಡಿನ ಹೆಂಗಸರು ಪರಸ್ಪರ ಸುಖದುಃಖ ಹೇಳಿಕೊಳ್ಳುವುದಕ್ಕೆಂದು ಒಂದು ಹೊತ್ತು ಮೀಸಲಾಯಿತು. ಎಂದೂ ಒಬ್ಬರ ಮುಖವನ್ನೊಬ್ಬರು ಕಾಣದವರು ಗೆಳತಿಯರಾದರು. ಅದೇ ಜಾಲದ ಮೂಲಕ, ಅಡಿಲೇಡ್ ಮೀತ್‌ಕಿ ಎಂಬ ವಿದ್ಯಾವಂತೆಯ ಆಲೋಚನೆಯಂತೆ, 1951ರಲ್ಲಿ ಆಲಿಸ್ ಸ್ಪ್ರಿಂಗ್ಸಿನಿಂದ ಮಕ್ಕಳಿಗೆ ಪಾಠ ಹೇಳುವ ಆಕಾಶಶಾಲೆಯೂ ಹುಟ್ಟಿತು.

ಇನ್ನೊಂದು ಉಪಾಯವನ್ನು ಇಲ್ಲಿ ನೆನೆಯದಿರಲಾಗದು. ವಿಮಾನವು ಹೊರಟು ಬರುವವರೆಗಿನ ಘಳಿಗೆಗಳಲ್ಲಿ ರೋಗಿಗೆ ಕೊಡತಕ್ಕುದೇನು? 1942ರಿಂದ ಬೀಡುಬೀಡಿನಲ್ಲಿಯೂ ಒಂದೇ ಮಾದರಿಯ ಔಷಧದ ಪೆಟ್ಟಿಗೆಯನ್ನಿಟ್ಟು, ಒಳಗಿನ ಒಂದೊಂದು ಔಷಧಕ್ಕೂ ಒಂದೊಂದು ಸಂಖ್ಯೆಯನ್ನು ಬರೆಯಲಾಯಿತು. ವೈದ್ಯನು ರೇಡಿಯೋದಲ್ಲಿ ಇಂತಹ ಸಂಖ್ಯೆಯ ಸೀಸೆಯಿಂದ ಇಷ್ಟು ಗುಳಿಗೆಯೆಂದರೆ ಸಾಕು, ಔಷಧಗಳ ಕಠಿಣ ನಾಮಗಳನ್ನರಿಯದ ಗೃಹಿಣಿಯೂ ತಪ್ಪಿಲ್ಲದೆ ಚಿಕಿತ್ಸೆ ಮಾಡಬಲ್ಲವಳಾದಳು. ಲೂಸಿ ಗಾರ್ಲಿಕ್ ಎಂಬ ದಾದಿಯು 1951ರ ಸುಮಾರಿಗೆ ಮನುಷ್ಯದೇಹದ ಚಿತ್ರವೊಂದನ್ನು ಭಾಗಭಾಗವಾಗಿ ವಿಂಗಡಿಸಿ ಸಂಖ್ಯೆಗಳನ್ನು ಕೊಟ್ಟುದರಿಂದ, ನೋವಿರುವ ಎಡೆಯನ್ನೂ ಹಾಗೆಯೇ ಹೇಳುವಂತಾಯಿತು. ಜಿಮ್ಮಿ ಡಾರ್ಸಿಯ ಮುಂದೆ ಟಕೆಟ್ಟನು ಒಬ್ಬಂಟಿಯಾಗಿ ಅನುಭವಿಸಿದ ಕಳವಳವನ್ನು ಮತ್ತಾರೂ ಅನುಭವಿಸದಿರಲೆಂದು ಪಟ್ಟ ಪ್ರಯತ್ನಗಳು ಇವೆಲ್ಲ.

ಈ ಪ್ರಯೋಗವು ಇನ್ನೂ ಎಳೆಯದಾಗಿದ್ದಾಗಲೇ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟು ಬಂದೆರಗಿತು. ಉಣ್ಣೆಯ ಬೆಲೆ ಕುಸಿಯಿತು. ನಗರಗಳಲ್ಲಿ ಕೆಲಸವಿಲ್ಲದವರ ಸಾಲು ಬೆಳೆಯಿತು. ಇಂತಹ ಕಾಲದಲ್ಲಿ ದೂರದ ಕೆಲವೇ ಜನರಿಗಾಗಿ ಹಾರುವ ವಿಮಾನವನ್ನು ವಿಲಾಸವೆಂದು ಭಾವಿಸಿ ನಿಲ್ಲಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅದು ನಿಲ್ಲಲಿಲ್ಲ. ಆದರೆ ಒಂದು ಚರ್ಚಿನ ಬೊಕ್ಕಸವು ಇಡೀ ಖಂಡದ ಭಾರವನ್ನು ಹೊರಲಾರದೆಂಬುದು ಸ್ಪಷ್ಟವಾಯಿತು. ಫ್ಲಿನ್ನನು ತಾನು ಬೆಳೆಸಿದ ಕೂಸನ್ನು ತನ್ನದೇ ಮತಸಂಸ್ಥೆಯ ಮಡಿಲಿನಲ್ಲಿಟ್ಟುಕೊಳ್ಳಲು ಹಟ ಹಿಡಿಯದೆ ರಾಷ್ಟ್ರಕ್ಕೆ ಒಪ್ಪಿಸಿದನು. 1934ರಲ್ಲಿ ‘ಆಸ್ಟ್ರೇಲಿಯನ್ ಏರಿಯಲ್ ಮೆಡಿಕಲ್ ಸರ್ವಿಸ್’ ಎಂಬ ಸ್ವತಂತ್ರ ಸಂಸ್ಥೆ ಹುಟ್ಟಿ, ಸಂಸ್ಥಾನಗಳ ಜನರು ತಂತಮ್ಮ ಶಾಖೆಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಅತ್ಯಂತ ಉದಾತ್ತವಾದುದು ವಿಕ್ಟೋರಿಯದವರ ನಡೆ: ತಮ್ಮ ಪುಟ್ಟ ಸಂಸ್ಥಾನಕ್ಕೆ ಅಂದು ಇಂತಹ ಸೇವೆಯ ಅಗತ್ಯವಿಲ್ಲದಿದ್ದರೂ ಅವರು ಹಣ ಕೂಡಿಸಿ, ಖಂಡದ ಮತ್ತೊಂದು ಮೂಲೆಯಲ್ಲಿರುವ ಕಿಂಬರ್ಲಿ ಸೀಮೆಯ ವಿಂಡಂ ಎಂಬೆಡೆ ನೆಲೆಯೊಂದನ್ನು ಸ್ಥಾಪಿಸಿದರು. ಪೋರ್ಟ್ ಹೆಡ್ಲಂಡ್, ಬ್ರೋಕನ್ ಹಿಲ್, ಕಾಲ್ಗೂರ್ಲಿ, ಆಲಿಸ್ ಸ್ಪ್ರಿಂಗ್ಸ್ ಮುಂತಾದ ಊರುಗಳು ಒಂದರ ಹಿಂದೊಂದರಂತೆ ನೆಲೆಗಳಾದುವು. 1955ರಲ್ಲಿ ‘ರಾಯಲ್’ ಎಂಬ ಬಿರುದೂ ದೊರೆಯಿತು. ಅದನ್ನು ಕಾಣಲು 1951ರ ಮೇ ತಿಂಗಳಲ್ಲಿ ತೀರಿಕೊಂಡ ಫ್ಲಿನ್ನನು ಉಳಿದಿರಲಿಲ್ಲ.

ಹಣದ ಒರತೆಯು ಹೇಗೆ ಬತ್ತದೆ ಉಳಿಯಿತೆಂಬುದನ್ನು ಈಗ ನೋಡಬಹುದು. ಕೇಂದ್ರ ಸರ್ಕಾರವೂ ಸಂಸ್ಥಾನ ಸರ್ಕಾರಗಳೂ ಕ್ರಮಕ್ರಮವಾಗಿ ನಿತ್ಯದ ನಿರ್ವಹಣೆಯ ಬಹುಭಾಗವನ್ನು ವಹಿಸಿಕೊಂಡುವು. ಹೊಸ ವಿಮಾನವನ್ನು ಕೊಳ್ಳುವುದು, ಅದರೊಳಗೆ ಚಿಕಿತ್ಸೆಯ ಸಲಕರಣೆಗಳನ್ನು ಅಳವಡಿಸುವುದು ಮುಂತಾದ ದೊಡ್ಡ ವೆಚ್ಚಗಳಿಗೆ ಸಾರ್ವಜನಿಕರ ದಾನವೇ ಮುಖ್ಯಾಧಾರವಾಗಿ ನಿಂತಿತು. ಆ ದಾನವು ಬರುವ ಹಾದಿಗಳನ್ನು ನೋಡಿದರೆ ಜನರು ಈ ಸೇವೆಯನ್ನು ಎಷ್ಟು ತಮ್ಮದಾಗಿಸಿಕೊಂಡರೆಂಬುದು ತಿಳಿಯುತ್ತದೆ. ಊರೂರಿನ ಮಹಿಳಾ ಮಂಡಲಿಗಳು ಸಂತೆ, ಚಹಾಕೂಟ, ಹರಾಜುಗಳನ್ನು ನಡೆಸಿದುವು. ಬ್ರೋಕನ್ ಹಿಲ್ಲಿನ ಹೆಂಗಸರು ಕ್ರಿಸ್ಮಸ್ ಹಬ್ಬದ ಪುಡಿಂಗುಗಳನ್ನು ವರ್ಷವರ್ಷವೂ ತಯಾರಿಸಿ ಮಾರಿ ಬಂದ ಹಣವನ್ನು ಸೇವೆಗೆ ಸಲ್ಲಿಸುತ್ತ ಬಂದಿದ್ದಾರೆ. ಮರುಭೂಮಿಯಂಚಿನ ಬರ್ಡ್ಸ್‌ವಿಲ್ಲಿನಲ್ಲಿ 1882ರಿಂದ ನಡೆಯುತ್ತಿರುವ ಕುದುರೆ ಪಂದ್ಯಗಳ ಆದಾಯದಲ್ಲಿಯೂ ಇದಕ್ಕೆ ಪಾಲುಂಟು. ವಿಮಾನವನ್ನು ಎಂದಿಗೂ ಕರೆಸಬೇಕಾಗಿ ಬಾರದ ನಗರವಾಸಿಯೂ ಅಂಗಡಿಯ ಮುಂದಣ ಡಬ್ಬಿಗೆ ನಾಣ್ಯ ಹಾಕುತ್ತಾನೆ. 1994ರಿಂದೀಚೆಗೆ ಆ ದೇಶದ 20 ಡಾಲರಿನ ನೋಟಿನ ಮೇಲೆ ಫ್ಲಿನ್ನನ ಮುಖವನ್ನೂ ‘ವಿಕ್ಟರಿ’ ವಿಮಾನವನ್ನೂ ಅಚ್ಚು ಮಾಡುತ್ತಿರುವುದು, ಹಣ ಬೇಡುತ್ತ ಹತ್ತು ವರ್ಷ ಅಲೆದವನಿಗೆ ರಾಷ್ಟ್ರವು ಸಲ್ಲಿಸಿದ ಯೋಗ್ಯವಾದ ಗೌರವ.

ಆದರೂ ಈ ಚರಿತ್ರೆಯಲ್ಲಿ ಕಲೆಯಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಫ್ಲಿನ್ನನ ಮಿಷನ್ನು ತನ್ನ ಕಣ್ಣಮುಂದೆ ಇರಿಸಿಕೊಂಡಿದ್ದುದು ಮುಖ್ಯವಾಗಿ ಬಿಳಿಯ ವಲಸೆಗಾರರನ್ನು. ಆ ನೆಲದ ಮೂಲನಿವಾಸಿಗಳ ವಿಷಯದಲ್ಲಿ ಅದು ತೋರಿದ ಉಪೇಕ್ಷೆಯನ್ನು ಅಡಿಲೇಡಿನ ವೈದ್ಯ ಚಾರ್ಲ್ಸ್ ಡುಗಿಡನು 1930ರ ದಶಕದಲ್ಲಿಯೇ ಬಹಿರಂಗವಾಗಿ ಖಂಡಿಸಿದ್ದನು. ಬೀಡುಗಳ ದನ ಮೇಯಿಸಿದವರೂ ಅಡುಗೆ ಮಾಡಿದವರೂ ಬಹುಮಟ್ಟಿಗೆ ಆ ಮೂಲನಿವಾಸಿಗಳೇ. ಹಲವೆಡೆ ಅವರಿಗೆ ದೊರೆತುದು ಹೊಟ್ಟೆಯ ಹಿಟ್ಟು ಮಾತ್ರ, ಕೂಲಿಯಲ್ಲ. ತಮ್ಮ ನೆಲವನ್ನೂ ನ್ಯಾಯವಾದ ವೇತನವನ್ನೂ ಕೇಳಿ ಗುರಿಂಜಿ ಜನರು ವೇವ್ ಹಿಲ್ ಬೀಡಿನಿಂದ ಹೊರನಡೆದುದು 1966ರಷ್ಟು ಈಚೆಗೆ. ಅದೇ ದಶಕದ ಕೊನೆಯಲ್ಲಿ ರಾಬಿನ್ ಮಿಲ್ಲರ್ ಎಂಬ ದಾದಿಯು ತಾನೇ ವಿಮಾನವನ್ನು ನಡೆಸಿಕೊಂಡು ಪಶ್ಚಿಮ ಆಸ್ಟ್ರೇಲಿಯದ ದೂರದ ವಸತಿಗಳಿಗೆ ಹೋಗಿ, ಪೋಲಿಯೋ ಲಸಿಕೆಯನ್ನು ಸಕ್ಕರೆಯ ತುಂಡಿನ ಮೇಲಿಟ್ಟು ಮಕ್ಕಳಿಗೆ ತಿನ್ನಿಸಿದಳು. ಇಂತಹವರ ದುಡಿಮೆಯಿಂದ ಸೇವೆಯ ದೃಷ್ಟಿಯೂ ವಿಶಾಲವಾಗುತ್ತ ಬಂದು, ಈಗ ಅದು ಸಾಗಿಸುವ ರೋಗಿಗಳಲ್ಲಿ ಮೂಲನಿವಾಸಿಗಳದು ದೊಡ್ಡ ಪಾಲು. ತಡವಾಗಿ ಸಂದ ನ್ಯಾಯವು ಹಿಂದಿನ ಲೋಪವನ್ನು ಅಳಿಸಲಾರದಾದರೂ, ಮುಂದಿನ ಕರ್ತವ್ಯವನ್ನಾದರೂ ಸ್ಪಷ್ಟಗೊಳಿಸುತ್ತದೆ.

ಇಂತಹ ಸೇವೆಯ ವೆಚ್ಚವನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ ನೋಡುವ ಲೆಕ್ಕಿಗನಿಗೆ ಅದು ಎಂದಿಗೂ ದುಬಾರಿಯಾಗಿಯೇ ತೋರುವುದು. ನಗರದ ಆಸ್ಪತ್ರೆಯೊಂದರಲ್ಲಿ ಅದೇ ಹಣಕ್ಕೆ ಇನ್ನೆಷ್ಟೋ ಜನರನ್ನು ಉಪಚರಿಸಬಹುದೆಂಬ ವಾದವನ್ನು ಅಂಕಿಗಳಿಂದ ಅಲ್ಲಗಳೆಯಲೂ ಆಗದು. ಆದರೆ ಆ ಲೆಕ್ಕಿಗನು ಜಮೆಯ ಪುಟವೊಂದನ್ನು ಮರೆತಿರುತ್ತಾನೆ. ನಗರದವನು ಹೊದ್ದ ಉಣ್ಣೆಯೂ, ಅವನ ತಟ್ಟೆಗೆ ಬಂದ ಆಹಾರವೂ, ಅವನ ಕಾರ್ಖಾನೆಯ ಅದಿರೂ ಬಂದುದು ವೈದ್ಯನಿಲ್ಲದ ಆ ದೂರದಿಂದಲೇ. ಅಲ್ಲಿ ಯಾರಾದರೂ ಬಾಳಲು ಒಪ್ಪಿದುದರಿಂದಲೇ, ಅಥವಾ ತಮ್ಮ ನೆಲದಲ್ಲಿ ದುಡಿಯುವಂತೆ ಬಲಾತ್ಕರಿಸಲ್ಪಟ್ಟುದರಿಂದಲೇ, ಇವನ ಸುಖವು ಸಾಧ್ಯವಾಯಿತು. ಹಾಗಿರುವಾಗ ದೂರದ ಬೆಲೆಯನ್ನು ದೂರದಲ್ಲಿರುವವನೊಬ್ಬನೇ ತೆರಬೇಕೆನ್ನುವುದು ಅಧರ್ಮ. ಈ ಸೇವೆಗೆ ಹಣ ಬೇಡುವವನು ನಾಚಬೇಕಾಗಿಲ್ಲ, ಕೊಡುವವನು ಬೀಗಬೇಕಾಗಿಲ್ಲ. ಅಲ್ಲಿ ಸಲ್ಲುತ್ತಿರುವುದು ಋಣ. ಋಣವೆಂದ ಮೇಲೆ ಅದು ಕೊಡುವವನ ಮನಸ್ಸಿನ ಏರಿಳಿತವನ್ನು ಅವಲಂಬಿಸಬಾರದು. ಸರ್ಕಾರವು ತನ್ನ ಪಾಲನ್ನು ಮುಗ್ಗಟ್ಟಿನ ವರ್ಷದಲ್ಲಿಯೂ ತಪ್ಪದೆ ಸಲ್ಲಿಸಬೇಕು. ಹಾಗೆಂದು ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿ ಜನರು ಸುಮ್ಮನಾಗಬಾರದು. ಪುಡಿಂಗು ಮಾಡಿ ಮಾರುವ ಹೆಂಗಸರು ವಿಮಾನಕ್ಕೆ ಹಣವನ್ನಷ್ಟೇ ಒದಗಿಸುತ್ತಿಲ್ಲ, ಆ ವಿಮಾನವು ಯಾರ ಬಳಿಗೆ ಹೋಗುತ್ತಿದೆ, ಯಾರನ್ನು ಬಿಟ್ಟು ಹೋಗುತ್ತಿದೆಯೆಂದು ಕೇಳುವ ಅಧಿಕಾರವನ್ನೂ ಕಾಪಾಡಿಕೊಳ್ಳುತ್ತಿದ್ದಾರೆ. ನಗರದಿಂದ ದೂರವಾದ ಜನರನ್ನುಳ್ಳ ಯಾವ ದೇಶವಾದರೂ ಫ್ಲಿನ್ನನ ನಾಡಿನಿಂದ ಕಲಿಯತಕ್ಕುದು ಮುಖ್ಯವಾಗಿ ಇದನ್ನೇ.